ಎಡಗಡೆಯ ಕೊಳಲು

"ಎಡಗಿವಿ ಹೋಯ್ತು ಅನ್ಸುತ್ತೆ ಕಣೋ," ಎಂದರು ಅತ್ತಿಗೆ.

ಹಾಡು ಇನ್ನೂ ನಡೆಯುತ್ತಿತ್ತು. ಕೋಣೆಯ ನಟ್ಟನಡುವೆ ಹಾಕಿದ್ದ ಬೆತ್ತದ ಕುರ್ಚಿಯಲ್ಲಿ ಕೂತು ಅವರು ಒಮ್ಮೆ ಬಲಗಿವಿ ಮುಚ್ಚಿ ನೋಡಿದರು, ಒಮ್ಮೆ ಎಡಗಿವಿ ಮುಚ್ಚಿ ನೋಡಿದರು. ಎದುರಿಗೆ ಗೋಡೆಗೆ ಒತ್ತಿಕೊಂಡು ಹಳೆಯ ಸ್ಟೀರಿಯೋ ರೇಡಿಯೋಗ್ರಾಮ್ ನಿಂತಿತ್ತು. ಮಂಚದಷ್ಟು ಉದ್ದದ ತೇಗದ ಪೆಟ್ಟಿಗೆ, ಓರೆಯಾದ ನಾಲ್ಕು ಕಾಲು, ಎರಡು ತುದಿಗೂ ಬಂಗಾರದೆಳೆಯ ಬಟ್ಟೆ ಬಿಗಿದ ಸ್ಪೀಕರಿನ ಜಾಲರಿ, ನಡುವೆ ರೇಡಿಯೋದ ಗಾಜು, ಮುಚ್ಚಳ ಎತ್ತಿದರೆ ರೆಕಾರ್ಡು ತಿರುಗುವ ತಟ್ಟೆ. ಮೈದುನ ಅದಕ್ಕೆ ಕೊಟ್ಟಿದ್ದ ಪಾಲಿಶ್ ಎಷ್ಟು ಚೆನ್ನಾಗಿತ್ತೆಂದರೆ ಅತ್ತಿಗೆಯ ಪಾದಗಳು ಅದರಲ್ಲಿ ಕಾಣುತ್ತಿದ್ದವು. ಬೆನ್ನಿನ ತೂತುಗಳಿಂದ ವಾಲ್ವುಗಳ ಕಿತ್ತಳೆ ಬೆಳಕು ಗೋಡೆಯ ಮೇಲೆ ಬಿದ್ದಿತ್ತು.

"ಮಾತು ಚೆನ್ನಾಗೇ ಕೇಳ್ಸುತ್ತೆ. ನೀನು ಎಡಗಡೆ ನಿಂತು ಪಿಸುಗುಟ್ಟಿದ್ರೂ ಕೇಳ್ಸುತ್ತೆ. ಆದ್ರೆ ಈ ಹಾಡಲ್ಲಿ ಅವಳು ಬಲಗಡೆ ಹಾಡ್ತಾಳೆ, ಕೊಳಲು ಎಡಗಡೆಯಿಂದ ಉತ್ತರ ಕೊಡ್ಬೇಕು. ಈಗ ಅದೂ ಬಲಗಡೆಯಿಂದ್ಲೇ ಬರ್ತಿದೆ. ಸೂಕ್ಷ್ಮ ಹೊರಟೋಯ್ತು ನೋಡು."

ಮೈದುನ ಆಗ ಆಡಬೇಕಾಗಿದ್ದ ಮಾತು ಒಂದೇ ಒಂದಿತ್ತು. ಅದರ ಬದಲು, "ವಯಸ್ಸಾಯ್ತಲ್ಲ ಅತ್ತಿಗೆ," ಎಂದುಬಿಟ್ಟ.

"ಅದೂ ನಿಜ ಅನ್ನು," ಎಂದು ಅತ್ತಿಗೆ ಮಡಿಲಲ್ಲಿ ಕೈ ಇಟ್ಟುಕೊಂಡು ಕೂತರು. ಹಾಡು ಮುಗಿಯುವವರೆಗೆ ಮತ್ತೆ ಕಿವಿ ಮುಟ್ಟಿಕೊಳ್ಳಲಿಲ್ಲ.

ಕೊಳಲು ಎಡಗಡೆಯಿಂದ ಬರುವುದು ಸಾಧ್ಯವೇ ಇರಲಿಲ್ಲ. ನಿಜ ಹೇಳಬೇಕೆಂದರೆ ಆ ಪೆಟ್ಟಿಗೆಯಿಂದ ಏನೂ ಬರುತ್ತಿರಲಿಲ್ಲ. ಬಲಗಡೆಯ ಜಾಲರಿಯ ಹಿಂದೆ, ದೊಡ್ಡ ಸ್ಪೀಕರಿನ ಹೊಟ್ಟೆಗೆ ಆತುಕೊಂಡು, ನೀರಿನ ಲೋಟದಷ್ಟು ದೊಡ್ಡದಾದ ಒಂದು ಬ್ಲೂಟೂತ್ ಸ್ಪೀಕರ್ ಕೂತಿತ್ತು. ಹಾಡುತ್ತಿದ್ದದ್ದು ಅದು. ಅದನ್ನು ಹಾಡಿಸುತ್ತಿದ್ದದ್ದು ಮೈದುನನ ಪ್ಯಾಂಟಿನ ಜೇಬಿನಲ್ಲಿದ್ದ ಮೊಬೈಲು. ತಟ್ಟೆ ತಿರುಗುತ್ತಿತ್ತು, ಮುಳ್ಳು ರೆಕಾರ್ಡಿನ ಮೇಲೆ ಓಡುತ್ತಿತ್ತು, ವಾಲ್ವುಗಳು ಉರಿಯುತ್ತಿದ್ದವು. ಎಲ್ಲವೂ ನೋಡುವುದಕ್ಕೆ ಮಾತ್ರ.

ಅವನೇನು ಮೋಸಗಾರನಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತನಾದವನು, ಬೀದಿಯವರ ಬಾಯಲ್ಲಿ 'ರಿಪೇರಿ ಸಾಹೇಬ್ರು'. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ಏನು ತಂದರೂ ಬಿಚ್ಚುತ್ತಿದ್ದ, ಬಿಚ್ಚುವಾಗ ಜೊತೆಗೊಂದು ಉಪದೇಶ ಕೊಡುತ್ತಿದ್ದ. ಅದರಲ್ಲಿ ಮುಖ್ಯವಾದದ್ದು ಸೀರೀಸ್ ಬಲ್ಬಿನ ಉಪದೇಶ. ಬಹಳ ಕಾಲ ಸುಮ್ಮನಿದ್ದ ಯಂತ್ರವನ್ನು ನೇರವಾಗಿ ಕರೆಂಟಿಗೆ ಕೊಡಬಾರದು, ನಡುವೆ ಒಂದು ಹಳೇ ತಂತಿಯ ಬಲ್ಬು ಕಟ್ಟಬೇಕು. ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಹೊತ್ತಿಕೊಂಡು ಹೊಡೆತವನ್ನು ತಾನು ತಿನ್ನುತ್ತದೆ, ಯಂತ್ರ ಬದುಕುತ್ತದೆ. "ಮಲಗಿರೋರನ್ನ ಬಕೆಟ್ ನೀರು ಸುರಿದು ಎಬ್ಬಿಸ್ತೀರಾ? ಹಣೆ ಮುಟ್ಟಿ ಎಬ್ಬಿಸ್ತೀರಾ?" ಎಂದು ಕೇಳುತ್ತಿದ್ದ. ಬೀದಿಯಲ್ಲಿ ಈ ಪ್ರಶ್ನೆ ಕೇಳದವರು ಯಾರೂ ಉಳಿದಿರಲಿಲ್ಲ.

ರೇಡಿಯೋಗ್ರಾಮ್ ಅಣ್ಣನದು. ಅಣ್ಣ ಛಾಪಖಾನೆಯಲ್ಲಿ ಮೆಷಿನ್‌ಮ್ಯಾನ್ ಆಗಿದ್ದವನು. ಯಂತ್ರದ ಪಕ್ಕದಲ್ಲೇ ನಿಂತು ನಿಂತು ಕಿವಿ ಮಂದವಾಗಿತ್ತು. ಭಾನುವಾರ ರೆಕಾರ್ಡು ಹಾಕಿ, ಹೆಂಡತಿಯನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿ, ಎಡ ಬಲ ಸಮ ಮಾಡುವ ಗುಂಡಿಯನ್ನು ಹಿಡಿದು, "ಸಮ ಆಯ್ತಾ? ನೀನು ಹೇಳು" ಎಂದು ಕಾಯುತ್ತಿದ್ದ. ಅತ್ತಿಗೆ ಕಣ್ಣು ಮುಚ್ಚಿ, "ಇನ್ನೊಂದು ಚೂರು ಎಡಕ್ಕೆ" ಎನ್ನುತ್ತಿದ್ದರು. ಓದು ಬರಹ ಅಷ್ಟಕ್ಕಷ್ಟೇ ಆದ ಅತ್ತಿಗೆಗೆ ಬದುಕಿನಲ್ಲಿ ಹೆಮ್ಮೆ ಅಂತ ಇದ್ದದ್ದು ತಮ್ಮ ಕಿವಿಯ ಬಗ್ಗೆ ಮಾತ್ರ. ಅಣ್ಣ ಹೋದ ಮೇಲೆ ಆ ಪೆಟ್ಟಿಗೆಯ ಮೇಲೆ ಮಡಿಸಿದ ಬಟ್ಟೆಗಳು ಬಂದು ಕೂತವು. ಮಹಡಿಯ ಮೇಲೆ ಅತ್ತಿಗೆ, ಕೆಳಗೆ ಮೈದುನ ಮತ್ತು ಅವನ ಹೆಂಡತಿ, ಒಲೆ ಒಂದೇ. ಮೈದುನ ನಿವೃತ್ತನಾದಾಗ ಅತ್ತಿಗೆ ಕೇಳಿದ್ದು ಇಷ್ಟೇ: "ಒಂದ್ಸಲ ಅದನ್ನ ಹಾಡಿಸ್ತೀಯೇನೋ?"

ಅವನು ಆಳುಗಳನ್ನು ಕರೆಸಿ ಅದನ್ನು ಕೆಳಗಿಳಿಸಿ ತನ್ನ ಮುಂದಿನ ಕೋಣೆಯಲ್ಲಿ ಇಟ್ಟುಕೊಂಡ. ಹಳೆಯ ಪಾಲಿಶ್ ಹೆರೆದ, ಗೆದ್ದಲು ತಿಂದ ಮೂಲೆಗೆ ಹೊಸ ಮರ ಕೂರಿಸಿದ, ಜಾಲರಿಯ ಬಟ್ಟೆಯನ್ನು ಬಿಚ್ಚಿ ಸೋಪಿನ ನೀರಿನಲ್ಲಿ ನೆನೆಹಾಕಿದ. ಒಳಗಿನ ಒಣಗಿದ ಕಂಡೆನ್ಸರುಗಳನ್ನು ಒಂದೊಂದಾಗಿ ಬದಲಿಸಿದ. ಒಂದು ದಪ್ಪ ಡಬ್ಬಿಯಂಥದ್ದು ಮಾತ್ರ ಗಟ್ಟಿಮುಟ್ಟಾಗಿ ಕಂಡಿತು, ಅದನ್ನು ಹಾಗೇ ಬಿಟ್ಟ. ಕೊನೆಗೆ ಕರೆಂಟು ಕೊಡುವ ದಿನ ಬಂತು. ಸೀರೀಸ್ ಬಲ್ಬು ಹುಡುಕಿದರೆ ಬರೀ ಹೋಲ್ಡರ್ ಇತ್ತು. ಬಚ್ಚಲಮನೆಯ ಬಲ್ಬು ಹೋಗಿತ್ತೆಂದು ಹೆಂಡತಿ ಅದನ್ನು ತೆಗೆದು ಅಲ್ಲಿ ಹಾಕಿಕೊಂಡಿದ್ದಳು. ಅವಳು ಅದರ ಕೆಳಗೇ ಸ್ನಾನ ಮಾಡುತ್ತಿದ್ದಳು.

"ಲೇ, ಆ ಬಲ್ಬು ಬೇಕು," ಎಂದು ಬಾಗಿಲು ಬಡಿದ.

"ಕತ್ತಲಲ್ಲಿ ಸೋಪು ಹಚ್ಕೊಳ್ಲಾ ನಾನು? ಸ್ವಲ್ಪ ತಡೀರಿ."

ಮಹಡಿಯಿಂದ ಅತ್ತಿಗೆ ಬೇರೆ, "ಆಯ್ತೇನೋ?" ಎಂದು ಕೂಗಿದರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೇಕಾಯಿ. ರಿಪೇರಿ ಸಾಹೇಬರು ಪ್ಲಗ್ಗನ್ನು ನೇರವಾಗಿ ಗೋಡೆಗೆ ಚುಚ್ಚಿದರು.

ವಾಲ್ವುಗಳು ಕೆಂಪಾದವು. ಗುಂ ಎಂದಿತು. ಗುಂಯ್ಗುಟ್ಟುವಿಕೆಯ ನಡುವಿನಿಂದ ರೇಡಿಯೋದಲ್ಲಿ ಯಾರೋ ಒಬ್ಬ ಹೆಂಗಸು ಸ್ಪಷ್ಟವಾಗಿ ಮಾತಾಡಿದಳು. ಆ ಧ್ವನಿ ಎಷ್ಟು ತುಂಬಿಕೊಂಡಿತ್ತೆಂದರೆ ಅವಳು ಕೋಣೆಯಲ್ಲೇ ನಿಂತಂತಿತ್ತು. ಅವನ ಮೈ ಜುಮ್ಮೆಂದಿತು. ಅಷ್ಟರಲ್ಲಿ ಧ್ವನಿ ಮುಳುಗಿತು, ಟಾರು ಸುಟ್ಟ ವಾಸನೆ ಬಂತು. ಪ್ಲಗ್ ಕಿತ್ತು ಬಗ್ಗಿ ನೋಡುವ ಹೊತ್ತಿಗೆ ಟ್ರಾನ್ಸ್‌ಫಾರ್ಮರಿನಿಂದ ಕಪ್ಪು ಮೇಣ ಇಳಿದು ಹೊಸ ಪಾಲಿಶಿನ ಮೇಲೆ ಹರಡುತ್ತಿತ್ತು. ತಾನು ಬಿಟ್ಟಿದ್ದ ಆ ಡಬ್ಬಿಯೇ ಶಾರ್ಟ್ ಆಗಿತ್ತು. ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಬಂದ ಹೆಂಡತಿ, "ಏನ್ರೀ ಸುಟ್ಟಿದ್ದು?" ಎಂದು ಕೇಳಿದಳು.

"ಏನಿಲ್ಲ. ಧೂಳು."

ಅತ್ತಿಗೆ ಮೆಟ್ಟಿಲ ಮೇಲೆ ಅರ್ಧ ಇಳಿದು ನಿಂತಿದ್ದರು. "ಹಾಡ್ತು ಅಲ್ವೇನೋ? ನಂಗೆ ಕೇಳಿಸ್ತು. ಅದೇ ಧ್ವನಿ," ಎಂದರು. ಕಣ್ಣಲ್ಲಿ ನೀರಿತ್ತು. "ನಿನ್ನ ಕೈಯಲ್ಲಿ ಆಗುತ್ತೆ ಅಂತ ನಂಗೆ ಗೊತ್ತಿತ್ತು."

ಸುಟ್ಟ ಟ್ರಾನ್ಸ್‌ಫಾರ್ಮರಿಗೆ ಹೊಸ ತಂತಿ ಸುತ್ತಿಕೊಡುವವನು ಊರಿನಲ್ಲಿ ಒಬ್ಬನಿದ್ದ. ಆಗದ ಕೆಲಸವೇನಲ್ಲ. ಆದರೆ ಅವನು ಎಕ್ಸ್‌ಚೇಂಜಿನಲ್ಲಿ ಇವನ ಕೈಕೆಳಗೇ ಕಲಿತವನು, ಬಕೆಟ್ ನೀರಿನ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟು ಭೇಷ್ ಅನ್ನಿಸಿಕೊಂಡವನು. "ಸರ್, ಸೀರೀಸ್ ಬಲ್ಬು ಹಾಕಿರ್ಲಿಲ್ವಾ?" ಎಂದು ಅವನು ಕೇಳಿಯೇ ಕೇಳುತ್ತಾನೆ. ಮೈದುನ ಟ್ರಾನ್ಸ್‌ಫಾರ್ಮರನ್ನು ಚೀಲದಲ್ಲಿ ಹಾಕಿಕೊಂಡು ಆ ಅಂಗಡಿಯ ತಿರುವಿನ ತನಕ ಹೋಗಿ, ಚೀಲದ ಸಮೇತ ವಾಪಸು ಬಂದ. ಬರುವಾಗ ಚೀಲದಲ್ಲಿ ಬ್ಲೂಟೂತ್ ಸ್ಪೀಕರೂ ಇತ್ತು. ಒಂದು ವಾರದ ಮಟ್ಟಿಗೆ, ಅತ್ತಿಗೆಯ ಆಸೆ ತಣಿಯಲಿ, ಆಮೇಲೆ ಸಮಾಧಾನವಾಗಿ ಸರಿಮಾಡಿದರಾಯಿತು ಎಂದುಕೊಂಡಿದ್ದ. ವಾಲ್ವುಗಳು ಬೆಳಗಲಿ ಎಂದು ಬೇರೊಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಕೂರಿಸಿದ. ಅತ್ತಿಗೆಯ ಹತ್ತಿರವಿದ್ದ ರೆಕಾರ್ಡುಗಳ ಹಾಡುಗಳನ್ನೆಲ್ಲ ಹುಡುಕಿ ಮೊಬೈಲಿಗೆ ಇಳಿಸಿದ. ಸಿಗದೇ ಹೋದವುಗಳಿಗೆ ಗೀರು ಬಿದ್ದಿದೆ ಎಂದು ಹೇಳಿ ಎತ್ತಿಟ್ಟ. ಆಳುಗಳನ್ನು ಕರೆಸಿ ಪೆಟ್ಟಿಗೆಯನ್ನು ಮತ್ತೆ ಮಹಡಿಗೆ ಹತ್ತಿಸಿ ಹಳೆಯ ಜಾಗದಲ್ಲೇ ಇಟ್ಟ.

"ವಾಲ್ವು ಬಹಳ ಸೂಕ್ಷ್ಮ ಅತ್ತಿಗೆ. ನಾನಿಲ್ಲದಾಗ ಮುಟ್ಬೇಡಿ."

"ಇಲ್ಲಪ್ಪ, ನಂಗ್ಯಾಕೆ ಅದೆಲ್ಲ. ನೀನೇ ಬಂದು ಹಾಕು," ಎಂದಿದ್ದರು ಅವರು. ದಿನಾ ಸಂಜೆ ಅವನು ಮೇಲೆ ಹೋಗಿ ಮುಳ್ಳು ಇಳಿಸುತ್ತಿದ್ದ, ಜೇಬಿನಲ್ಲಿ ಹೆಬ್ಬೆರಳು ಒತ್ತುತ್ತಿದ್ದ. ಇಷ್ಟೊಂದು ಕೆಲಸ ಬಿಟ್ಟು ಬರ್ತಾನಲ್ಲ ಪಾಪ ಎಂದು ಅತ್ತಿಗೆ ಅವನಿಗಾಗಿ ಟೀ ಮಾಡಿ ಇಟ್ಟಿರುತ್ತಿದ್ದರು. ವಾರ ಕಳೆಯಿತು, ಇನ್ನೊಂದು ವಾರವೂ ಕಳೆಯಿತು. ಟೀ ಕುಡಿಯುವುದೇ ಅವನಿಗೆ ಶಿಕ್ಷೆಯಾಗತೊಡಗಿತು. ಆದರೂ ಕುಡಿಯುತ್ತಿದ್ದ.

ಈಗ ಎಡಗಿವಿಯ ಮಾತು ಬಂದಿತ್ತು. ಅದನ್ನು ವಯಸ್ಸಿನ ತಲೆಗೆ ಕಟ್ಟಿದವನು ಅವನೇ. ಹೆಂಡತಿಯೇ ಡಾಕ್ಟರಿಗೆ ತೋರಿಸಿ ಎಂದು ಹಟ ಹಿಡಿದಳು. ಅವಳಿಗೆ ಎಲ್ಲ ಗೊತ್ತಿತ್ತು. ಕಸ ಗುಡಿಸುವಾಗ ಬಾಗಿ ನೋಡಿದವಳಿಗೆ ಜಾಲರಿಯ ಹಿಂದೆ ಮಿಣುಕುವ ನೀಲಿ ದೀಪ ಕಂಡಿತ್ತು. ಗಂಡ ತಾನೇ ಬಾಯಿಬಿಡಲಿ ಎಂದು ಕಾಯುತ್ತಿದ್ದಳು.

ಕಿವಿ ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಅತ್ತಿಗೆಯನ್ನು ಗಾಜಿನ ಗೂಡಿನೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗೆಲ್ಲ ಗುಂಡಿ ಒತ್ತಲು ಹೇಳಿದಳು. ಮೈದುನ ಹೊರಗಿನ ಬೆಂಚಿನಿಂದ ನೋಡುತ್ತಿದ್ದ. ಅತ್ತಿಗೆ ಪರೀಕ್ಷೆಗೆ ಕೂತ ಮಗುವಿನ ಹಾಗೆ ತುಟಿ ಬಿಗಿದುಕೊಂಡು, ಒಂದು ಸದ್ದೂ ತಪ್ಪಬಾರದೆಂದು ಗುಂಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಅವನಿಗೆ ನೋಡಲಾಗಲಿಲ್ಲ. ಗೋಡೆಯ ಮೇಲೆ ತೂಗುಹಾಕಿದ್ದ ಕಿವಿಯ ಒಳಭಾಗದ ಚಿತ್ರವನ್ನು ನೋಡುತ್ತ ಕೂತ.

"ನಿಮ್ಮ ವಯಸ್ಸಿಗೆ ಇಷ್ಟು ಒಳ್ಳೆ ಕಿವಿ ನಾನು ನೋಡಿಲ್ಲ ಅಮ್ಮ. ಎರಡೂ ಒಂದೇ ಸಮ ಇವೆ," ಎಂದಳು ಡಾಕ್ಟರು.

"ಹಾಗಾದ್ರೆ ಕೊಳಲು ಯಾಕಮ್ಮ ಕೇಳ್ಸಲ್ಲ?" ಅತ್ತಿಗೆ ಎಲ್ಲವನ್ನೂ ವಿವರಿಸಿದರು. ಕುರ್ಚಿ, ಎಡ, ಬಲ, ಹಾಡುವವಳು.

ಡಾಕ್ಟರು ನಕ್ಕಳು. "ಒಂದು ಸ್ಪೀಕರ್ ಕೆಟ್ಟಿರಬಹುದು. ಕಿವಿ ಬಿಟ್ಟು ಅದನ್ನ ರಿಪೇರಿಯವರಿಗೆ ತೋರ್ಸಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಅನ್ನುತ್ತಾರಲ್ಲ, ಮೈದುನನ ಕೈ ತಾನಾಗಿ ಜೇಬಿನ ಮೊಬೈಲಿಗೆ ಹೋಯಿತು. ಅತ್ತಿಗೆ ಮಾತ್ರ ಕೊಂಚ ಬಿಗುವಾಗಿಯೇ ಹೇಳಿದರು: "ರಿಪೇರಿ ಮಾಡಿದ್ದೇ ಇವನಮ್ಮ. ಅದರಲ್ಲಿ ತಪ್ಪು ಇರಲ್ಲ. ನಿಮ್ಮ ಮೆಷಿನ್ನೇ ಇನ್ನೊಂದ್ಸಲ ನೋಡ್ಕೊಳ್ಳಿ."

ಅವನು ಆಗಲೂ ಬಾಯಿ ಬಿಡಲಿಲ್ಲ. ಹೇಳಲು ಅದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ. ಹೇಳಿದ್ದರೆ ಡಾಕ್ಟರೂ ನಗುತ್ತಿದ್ದಳು, ಅತ್ತಿಗೆಯೂ ಬೆನ್ನಿಗೊಂದು ಗುದ್ದಿ ನಗುತ್ತಿದ್ದರೇನೋ. ಮನೆಗೆ ಬರುವ ದಾರಿಯುದ್ದಕ್ಕೂ ಇದನ್ನೇ ಯೋಚಿಸಿ ಅವನು ತನ್ನನ್ನು ತಾನೇ ಬೈದುಕೊಂಡ. ಮಾರನೆಯ ಸಂಜೆ ಮೇಲೆ ಹೋದಾಗ ಬೆತ್ತದ ಕುರ್ಚಿ ಅದರ ಜಾಗದಲ್ಲಿರಲಿಲ್ಲ. ಅತ್ತಿಗೆ ಅದನ್ನು ಬಲಗಡೆಯ ಜಾಲರಿಯ ಎದುರಿಗೆ ಎಳೆದುಕೊಂಡಿದ್ದರು. ವರ್ಷಾನುಗಟ್ಟಲೆ ಒಂದೇ ಕಡೆ ಇದ್ದ ಕುರ್ಚಿಯ ಕಾಲಿನ ಗುರುತುಗಳು ನಡುನೆಲದಲ್ಲಿ ಹಾಗೇ ಉಳಿದಿದ್ದವು.

"ಇರೋ ಕಿವೀನಾದ್ರೂ ಹತ್ರ ಇಟ್ಕೊಳ್ಳೋಣ ಅಂತ," ಎಂದರು.

ಆ ರಾತ್ರಿ ಪಾತ್ರೆ ತೊಳೆಯುತ್ತ ಹೆಂಡತಿ ಕೇಳಿದಳು: "ಹೇಳ್ತೀರೋ, ನಾನೇ ಹೇಳ್ಲೋ?"

"ಹೇಳ್ತೀನಿ ಮಾರಾಯ್ತಿ. ಭಾನುವಾರ ಕಳೀಲಿ."

"ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದಕ್ಕೆ ಅಕ್ಕ ಏನೂ ಅಂತಿರ್ಲಿಲ್ಲ. ಅವರ ಕಿವೀನೇ ಕಿತ್ಕೊಂಡ್ರಲ್ರೀ ನೀವು."

ಅವನು ತೊಳೆದ ತಟ್ಟೆಗಳನ್ನು ಒರೆಸತೊಡಗಿದ. ಆದರೆ ಮನಸ್ಸಿನ ಒಂದು ಮೂಲೆಯಲ್ಲಿ ಅವನು ಆಗಲೇ ಲೆಕ್ಕ ಹಾಕುತ್ತಿದ್ದ: ಇನ್ನೊಂದು ಸ್ಪೀಕರ್ ತಂದು ಎಡಗಡೆಗೂ ಇಟ್ಟುಬಿಟ್ಟರೆ? ಎರಡನ್ನೂ ಜೋಡಿ ಮಾಡಬಹುದಂತೆ, ಕೊಳಲು ಎಡಕ್ಕೆ ಬರುತ್ತದಂತೆ. ಅತ್ತಿಗೆಯ ಕಿವಿ ಒಂದೇ ದಿನದಲ್ಲಿ ವಾಸಿಯಾಗುತ್ತದೆ. ಹಾಗೆ ವಾಸಿಯಾದದ್ದಕ್ಕೂ ಅತ್ತಿಗೆ ತನಗೇ ಥ್ಯಾಂಕ್ಸ್ ಹೇಳುತ್ತಾರೆ ಎಂಬುದು ಹೊಳೆದಾಗ ಅವನಿಗೆ ತನ್ನ ಮೇಲೆ ಅಸಹ್ಯ ಹುಟ್ಟಿತು. ಆದರೂ ಸೋಮವಾರ ಅಂಗಡಿಗೆ ಹೋಗುವುದೆಂದು ನಿಶ್ಚಯಿಸಿಯೇ ಮಲಗಿದ.

ಭಾನುವಾರ ಅತ್ತಿಗೆ ಇಬ್ಬರನ್ನು ಕರೆದಿದ್ದರು. ಒಬ್ಬರು ಅಣ್ಣನ ಗೆಳೆಯ ಟೈಲರು, ಹಿಂದೆಲ್ಲ ಭಾನುವಾರದ ಹಾಡಿಗೆ ತಪ್ಪದೆ ಬರುತ್ತಿದ್ದವರು. ಈಗ ಕೋಲೂರಿಕೊಂಡು ಮೆಟ್ಟಿಲು ಹತ್ತಿದರು. ಇನ್ನೊಬ್ಬರು ಪಕ್ಕದ ಮನೆಯ ಟೀಚರು. ಟೀ, ಬಿಸ್ಕತ್ತು ಆಯಿತು. ಟೈಲರು ಪೆಟ್ಟಿಗೆಯ ಸುತ್ತ ಸುತ್ತಿ, ಪಾಲಿಶಿನ ಮೇಲೆ ಬಟ್ಟೆಯ ನೇಯ್ಗೆ ನೋಡುವವರ ಹಾಗೆ ಬೆರಳಾಡಿಸಿ, "ಭೇಷ್. ನಿಮ್ಮಣ್ಣ ಎದ್ದು ಬಂದ್ರೂ ಗುರುತು ಹಿಡಿಯಲ್ಲ," ಎಂದರು. ಮೈದುನ ಹಲ್ಲು ಕಿರಿದ. ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ನೋಡಲಿಲ್ಲ.

"ನೀವು ನಡುವೆ ಕೂತ್ಕೊಳ್ಳಿ," ಎಂದು ಅತ್ತಿಗೆ ಟೈಲರಿಗೆ ಹೇಳಿ ಬೆತ್ತದ ಕುರ್ಚಿಯನ್ನು ತಾವೇ ಎಳೆದು ಹಳೆಯ ಗುರುತಿನ ಮೇಲಿಟ್ಟರು. "ಆ ಜಾಗ ಒಳ್ಳೆ ಕಿವಿ ಇರೋರಿಗೆ. ನಂದು ಒಂದು ಹೋಯ್ತಲ್ಲ, ನಾನು ಎಲ್ಲಿ ಕೂತ್ರೂ ಒಂದೇ." ನಗುತ್ತಲೇ ಹೇಳಿದರು. ಟೀಚರು ಅಯ್ಯೋ ಎಂದರು.

ಹೊರಗೆ ಸಂಜೆ ಕವಿದಿತ್ತು. ಮೈದುನ ಮುಳ್ಳು ಇಳಿಸಿ, ಜೇಬಿನಲ್ಲಿ ಒತ್ತಿದ. ಹಾಡು ಶುರುವಾಯಿತು. ಹಾಡುವವಳು ಮೊದಲ ಸಾಲು ಮುಗಿಸಿದಳು, ಕೊಳಲು ಬಂತು. ಟೈಲರು ಮುಚ್ಚಿದ್ದ ಕಣ್ಣು ತೆರೆದರು. ಎಡಗಡೆಯ ಜಾಲರಿಯನ್ನು ನೋಡಿದರು. ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಾಗಿ ಕಿವಿಯನ್ನು ಆ ಕಡೆಗೆ ತಿರುಗಿಸಿದರು. ಮತ್ತೆ ಮೈದುನನ ಕಡೆ ನೋಡಿ ಏನೋ ಕೇಳಲು ಬಾಯಿ ತೆರೆದರು.

ಆಗ ಕರೆಂಟು ಹೋಯಿತು.

ಕೋಣೆಯ ದೀಪ ಆರಿತು, ಫ್ಯಾನು ನಿಧಾನವಾಯಿತು. ರೇಡಿಯೋದ ಗಾಜು ಕಪ್ಪಾಯಿತು. ವಾಲ್ವುಗಳ ಕಿತ್ತಳೆ ಬೆಳಕು ಗೋಡೆಯ ಮೇಲೆ ಮಂಕಾಗುತ್ತ ಬಂದು ಇಲ್ಲವಾಯಿತು. ತಟ್ಟೆ ತೂರಾಡಿಕೊಂಡು ಇನ್ನೆರಡು ಸುತ್ತು ಹಾಕಿ ನಿಂತಿತು. ಹಾಡು ಮಾತ್ರ ನಿಲ್ಲಲಿಲ್ಲ. ಫ್ಯಾನಿನ ಸದ್ದೂ ಇಲ್ಲದ ಆ ಕತ್ತಲೆಯಲ್ಲಿ ಅದು ಮೊದಲಿಗಿಂತ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಹಾಡುವವಳು ಎರಡನೆಯ ಚರಣಕ್ಕೆ ಬಂದಳು.

"ಅರೆ, ಕರೆಂಟ್ ಇಲ್ದೇನೂ ಹಾಡುತ್ತಲ್ಲ ಇದು," ಎಂದರು ಟೀಚರು. ಟೈಲರು ಕೆಮ್ಮಿದರು. ಭೂಮಿ ಬಾಯಿಬಿಡಬಾರದೇ ಎಂದು ಜನ ಯಾಕೆ ಹೇಳುತ್ತಾರೆಂದು ಮೈದುನನಿಗೆ ಆಗ ಗೊತ್ತಾಯಿತು. ಬ್ಯಾಟರಿ ಇಟ್ಟಿದ್ದೀನಿ ಎಂದು ಹೇಳಿಬಿಡಲೇ ಎಂದು ಆ ಹೊತ್ತಿನಲ್ಲೂ ನಾಲಿಗೆ ತುರಿಸಿತು, ಆದರೆ ಮೇಲೇಳಲಿಲ್ಲ.

ಅತ್ತಿಗೆ ಎದ್ದ ಸದ್ದಾಯಿತು. ಕತ್ತಲಲ್ಲಿ ಪೆಟ್ಟಿಗೆಯ ಮೇಲೆ ಕೈಯಾಡಿಸುತ್ತ ಎಡತುದಿಗೆ ಹೋದರು. ಅಲ್ಲಿ ಬಗ್ಗಿ ಜಾಲರಿಗೆ ಕಿವಿಯಿಟ್ಟು ಕೇಳಿದರು. ಆಮೇಲೆ ಹಾಗೇ ತಡವರಿಸುತ್ತ ಬಲತುದಿಗೆ ಬಂದು ಅಲ್ಲಿಯೂ ಕೇಳಿದರು. ಬಟ್ಟೆಯ ಮೇಲೆ ಅಂಗೈ ಇಟ್ಟು ಒಂದು ಗಳಿಗೆ ನಿಂತರು. ಒಳಗಿನ ಪುಟ್ಟ ಪೆಟ್ಟಿಗೆಯ ಅದುರುವಿಕೆ ಅವರ ಕೈಗೆ ತಾಗಿರಬೇಕು.

"ಹಾಗಾದ್ರೆ ನನ್ನ ಕಿವಿ ಸರಿಯಾಗೇ ಇದೆ," ಎಂದರು.

ಸಿಟ್ಟಿನಿಂದ ಹೇಳಿರಲಿಲ್ಲ. ಕಳೆದುಹೋಗಿದ್ದು ಸಿಕ್ಕವರ ದನಿ ಅದು. ಅದರಲ್ಲಿದ್ದ ನೆಮ್ಮದಿಯನ್ನು ಕೇಳಲಾರದೆ ಮೈದುನ ಗೋಡೆಗೆ ಒರಗಿದ. ಬೈದಿದ್ದರೆ, ಎರಡು ಬಾರಿಸಿದ್ದರೆ ತಡೆದುಕೊಳ್ಳಬಹುದಿತ್ತು. ಇಷ್ಟು ದಿನ ಈ ಹೆಂಗಸು ತನ್ನ ಕಿವಿಯನ್ನು ನಂಬದೆ ನನ್ನನ್ನು ನಂಬಿದಳಲ್ಲ ಎಂದುಕೊಂಡ.

"ಅತ್ತಿಗೆ," ಎಂದ.

"ಮೊದಲು ಅದನ್ನ ನಿಲ್ಸು."

ಮೊಬೈಲು ಅಷ್ಟರಲ್ಲಿ ಲಾಕ್ ಆಗಿತ್ತು, ನಿಲ್ಲಿಸಬೇಕೆಂದರೆ ಅದನ್ನು ಹೊರಗೆ ತೆಗೆಯಬೇಕಿತ್ತು. ಅವನು ತೆಗೆದ. ಪರದೆ ಹೊತ್ತಿಕೊಂಡು ಅದರ ಬಿಳಿ ಬೆಳಕು ನೇರವಾಗಿ ಅವನ ಮುಖದ ಮೇಲೆ ಬಿತ್ತು. ಕೋಣೆಯಲ್ಲಿ ಕಾಣುತ್ತಿದ್ದ ಮುಖ ಅದೊಂದೇ. ಎಲ್ಲರೂ ಅದನ್ನೇ ನೋಡುತ್ತಿದ್ದಾರೆಂದು ಅವನಿಗೆ ಗೊತ್ತಿತ್ತು, ನೋಡುವವರು ಅವನಿಗೆ ಕಾಣುತ್ತಿರಲಿಲ್ಲ. ಹೆಬ್ಬೆರಳನ್ನು ಒತ್ತಿದ. ಬೆವರಿಗೆ ಮೊಬೈಲು ಬೆರಳಿನ ಗುರುತು ಹಿಡಿಯಲಿಲ್ಲ. ಅಂಗಿಗೆ ಒರೆಸಿ ಮತ್ತೆ ಒತ್ತಿದ. ಇನ್ನೊಂದು ಬೆರಳು ಇಟ್ಟ. ಪರದೆ ನಡುಗಿ ಬೇಡವೆಂದಿತು. ಹಾಡುವವಳು ಚರಣ ಮುಗಿಸಿದಳು, ಬಲಗಡೆಯಿಂದಲೇ ಕೊಳಲು ಶುರುವಾಯಿತು.

ಆ ಬೆಳಕಿನೊಳಗೆ ಅತ್ತಿಗೆಯ ಕೈ ಬಂತು. ಕೈಯಲ್ಲಿ ಮಡಿಸಿದ ಕರವಸ್ತ್ರವಿತ್ತು.

"ಕೈ ಬೆವರಿದೆ," ಎಂದರು. "ಒರೆಸ್ಕೊಂಡು ಒತ್ತು."

ಅವನು ಕರವಸ್ತ್ರ ತೆಗೆದುಕೊಂಡು, ತಲೆ ಎತ್ತದೆ, ಒಂದೊಂದೇ ಬೆರಳನ್ನು ಒರೆಸಿಕೊಳ್ಳತೊಡಗಿದ.